ಮುಂಡರಗಿಯಿಂದ ಮರ್ಮಗೋವೆಗೆ

ಗದಗು ಜಿಲ್ಲೆಗೆ ಕಡಲಿಲ್ಲ. ಇರುವುದು ಎರೆಯ ಹೊಲ, ಹತ್ತಿ, ಜೋಳ, ಕಪ್ಪತಗುಡ್ಡದ ಮೇಲಿನಿಂದ ಬೀಸುವ ಗಾಳಿ ಮತ್ತು ಮುಗಿಲ ಕಡೆಗೆ ಮುಖವೆತ್ತಿ ನಿಂತ ರೈತ. ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯೂ ಪಡುವಣ ಘಟ್ಟಗಳಲ್ಲಿ, ಅರಬ್ಬೀ ಸಮುದ್ರಕ್ಕೆ ಸಮೀಪದಲ್ಲಿಯೇ ಹುಟ್ಟಿ, ಅದಕ್ಕೆ ಬೆನ್ನುಮಾಡಿ ಮೂಡಣಕ್ಕೆ ಹೊರಟುಹೋಗುತ್ತಾಳೆ. ಅಲ್ಲಿಯ ಜನರ ಪ್ರವಾಸವೆಂದರೆ ಲಕ್ಷ್ಮೇಶ್ವರದ ಸೋಮೇಶ್ವರ, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆ, ಗದಗಿನ ವೀರನಾರಾಯಣ, ಹೆಚ್ಚೆಂದರೆ ಪಂಢರಪುರ. ಇಂಥ ಸೀಮೆಯ ಗಂಡ ಹೆಂಡಿರು ಹಡಗಿನಲ್ಲಿ ವಿಹಾರಕ್ಕೆ ಹೊರಟರೆಂದರೆ ಊರವರು ನಗದೆ ಇರುವರೆ?

ಹೊರಟವರು ಹೊಳೆಯ ದಂಡೆಯ ಹಳ್ಳಿಯೊಂದರ, ಐವತ್ತು ದಾಟಿದ ದಂಪತಿಗಳು. ಗೋವೆ ಅವರಿಗೆ ಹೊಸದಾಗಿರಲಿಲ್ಲ. 2003ರ ಬರಗಾಲದಲ್ಲಿ ಹೊಲ ಬಿರಿದಾಗ, ಸುತ್ತಿನ ಹಳ್ಳಿಗಳ ನೂರಾರು ಜನರಂತೆ ಅವರೂ ಹಾಸಿಗೆಯ ಗಂಟು ಹೊತ್ತು ವಾಸ್ಕೋಗೆ ದುಡಿಯಲು ಹೋಗಿದ್ದರು. ಆತ ಗಿಲಾವು ಮಾಡಿದನು. ಆಕೆ ತಲೆಯ ಮೇಲೆ ಉಸುಕಿನ ಬುಟ್ಟಿ ಹೊತ್ತಳು. ಬೈನಾದ ಗುಡಿಸಲಿನ ಹಿಂದೆಯೇ ಕಡಲಿತ್ತು. ಆದರೆ ಅದನ್ನು ಕುಳಿತು ನೋಡಬೇಕಾದರೆ ಒಂದು ದಿನದ ಪಗಾರ ಬಿಡಬೇಕಾಗಿತ್ತು. ಅವರು ನೋಡಲಿಲ್ಲ.

ಇಪ್ಪತ್ತು ವರುಷಗಳ ಮೇಲೆ, ಮಕ್ಕಳ ಮದುವೆಗಳು ಮುಗಿದು, ಸಾಲ ಹರಿದ ಬಳಿಕ, ಆಕೆ ಮಹಿಳಾ ಸಂಘದಲ್ಲಿ ಕೂಡಿಟ್ಟ ಹಣವನ್ನು ತೆಗೆದಿಟ್ಟು ಗೋವೆಗೆ ಹೋಗೋಣವೆಂದಳು. ರೈಲಿನ ಟಿಕೇಟು ತೆಗೆಸಲು ಗಂಡನು ಎದ್ದಾಗ ತಡೆದಳು.

“ಅದ ಗಾಡಿ, ಅದ ಬಾಗಿಲಾ ಬ್ಯಾಡ್ರಿ. ಈ ಸರತಿ ನೀರಿನ ಮ್ಯಾಲೆ ಹೋಗೂಣು.”

ನೀರಿನ ಮೇಲಿನ ದಾರಿ ಹಳೆಯದು. ಕಳೆದ ಶತಮಾನದಲ್ಲಿ ಮುಂಬಯಿಯಿಂದ ಹೊರಟ ಉಗಿಹಡಗುಗಳು ರತ್ನಾಗಿರಿ, ಮಾಲವಣ, ವೆಂಗುರ್ಲೆಗಳಿಗೆ ಜನರನ್ನು ಇಳಿಸುತ್ತ ಪಣಜಿಯನ್ನು ಮುಟ್ಟುತ್ತಿದ್ದವು. ಬಡವರು ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಆ ಸೇವೆ ನಿಂತು ಬಹುಕಾಲವಾದ ಮೇಲೆ, 2018ರಲ್ಲಿ ‘ಆಂಗ್ರಿಯಾ’ ಎಂಬ ಹಡಗು ಅದೇ ದಾರಿಯನ್ನು ಹಿಡಿದು ಕೆಲಕಾಲ ಓಡಾಡಿತು. 2021ರಲ್ಲಿ ಕಾರ್ಡೀಲಿಯಾ ಕಂಪೆನಿಯ ‘ಎಂಪ್ರೆಸ್’ ಬಂದಿತು. 1990ರಲ್ಲಿ ಸೇವೆಗಿಳಿದ, ಹನ್ನೊಂದು ಅಂತಸ್ತುಗಳ ಈ ಹಡಗು ಬಹುಕಾಲ ಪರದೇಶದ ಪ್ರವಾಸಿಗಳನ್ನು ಹೊತ್ತು ತಿರುಗಿ ಇಲ್ಲಿಗೆ ಬಂದುದು. ಕಿಟಕಿಯಿಲ್ಲದ ಒಳಗೋಣೆಯೇ ಇದರಲ್ಲಿ ಅಗ್ಗದ್ದು. ಊಟ ಉಪಾಹಾರಗಳು ಬಾಡಿಗೆಯಲ್ಲಿಯೇ ಸೇರಿವೆ. ಪಾನಗೃಹ, ಜೂಜಿನ ಕೋಣೆಗಳ ಕಡೆಗೆ ಸುಳಿಯದವರಿಗೆ ಹೆಚ್ಚಿನ ವೆಚ್ಚವಿಲ್ಲ. ಆದರೆ ತೆರಿಗೆ ಮೊದಲಾದುವನ್ನು ಕೂಡಿಸಿ ನೋಡಿದ ಹೊರತು ನಿಜವಾದ ಲೆಕ್ಕ ತಿಳಿಯದು. ಗೋವೆಯಲ್ಲಿಯೇ ಇಳಿಯುವವರಿಗೂ ಟಿಕೇಟು ದೊರೆಯುವಂಥ ಒಂದು ಪ್ರಯಾಣವನ್ನು ಮಗನು ಗೊತ್ತುಮಾಡಿಕೊಟ್ಟನು.

ಡಿಸೆಂಬರಿನ ಒಂದು ಸಂಜೆ ಅವರು ಗದಗಿನಲ್ಲಿ ಮುಂಬಯಿಯ ಗಾಡಿ ಹತ್ತಿದರು. ಬಾಗಲಕೋಟೆ, ವಿಜಯಪುರಗಳನ್ನು ಹಾದು ಸೊಲ್ಲಾಪುರದತ್ತ ಹೋಗುವ ಈ ಮಾರ್ಗ 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹೊಟಗಿಯವರೆಗೆ ಹಾಕಿದ್ದು. ನಾಲ್ಕು ವರುಷಗಳ ತರುವಾಯ, 1888ರಲ್ಲಿ, ಪಶ್ಚಿಮದ ಕಂಬಿಗಳೂ ಘಟ್ಟವಿಳಿದು ಮರ್ಮಗೋವೆಯ ಬಂದರನ್ನು ಮುಟ್ಟಿದವು. ಧಾರವಾಡ ಸೀಮೆಯ ಹತ್ತಿ ಆ ದಾರಿಯಿಂದ ಹಡಗು ಸೇರಿತು. ಬೆಳೆದವನಿಗಿಂತ ಮೊದಲು ಬೆಳೆಯೇ ಕಡಲನ್ನು ಕಂಡಿತು!

ಮುಂಬಯಿಯ ನಿಲ್ದಾಣದಿಂದ ಬಲಾರ್ಡ್ ಪಿಯರ್ ದೂರವಿಲ್ಲ. ಚೀಲ ಹಿಡಿದು ನಡೆದೇ ಹೋದರು. ಹಡಗನ್ನು ಹತ್ತಿದೊಡನೆ ಜೀವರಕ್ಷಕ ಅಂಗಿ ತೊಡುವ ಪಾಠವಾಯಿತು. ಆಕೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ಕಾಲೇಜು ಹುಡುಗಿಯರಿಗಿಂತ ಮೊದಲು ಪಟ್ಟಿಗಳನ್ನು ಬಿಗಿದು ನಿಂತಳು. ಸೂರ್ಯನು ಬಲಗಡೆಯ ನೀರಿನಲ್ಲಿ ಮುಳುಗಿದನು. ಕತ್ತಲಾದ ಮೇಲೆ ಎಡಗಡೆಯಲ್ಲಿ ಕೊಂಕಣದ ದೀಪಗಳು ಅಲ್ಲೊಂದು ಇಲ್ಲೊಂದು ಮಿನುಗಿದವು. ಕಿಟಕಿಯಿಲ್ಲದ ಕೋಣೆಯ ಕೊರತೆ ಅವರಿಗೆ ತಿಳಿಯಲೇ ಇಲ್ಲ. ನಡುರಾತ್ರಿಯವರೆಗೂ ಅವರು ಡೆಕ್ಕಿನ ಮೇಲೆಯೇ ಇದ್ದರು.

ಬೆಳಗಾದ ಮೇಲೆ ಕೆಲವರು ಬಿಸಿಲು ಕಾಯಿಸಿಕೊಳ್ಳಲು ಮೈಚಾಚಿ ಮಲಗಿದರು. ಚಳಿದೇಶಗಳ ಜನ ಈ ಬಿಸಿಲಿಗಾಗಿಯೇ ಗೋವೆಗೆ ಬರುವುದುಂಟು. ಮುಂಡರಗಿಯವರಿಗೆ ಬಿಸಿಲನ್ನು ಕೊಳ್ಳುವ ಗರಜಿಲ್ಲ. ದಂಪತಿಗಳು ನೆರಳನ್ನೇ ಹುಡುಕಿ ಕುಳಿತರು.

ಹಡಗು ನಿಂತುದು ಮರ್ಮಗೋವೆಯಲ್ಲಿ. ಅಲ್ಲಿಂದ ವಾಸ್ಕೋ ಪಕ್ಕದಲ್ಲಿಯೇ ಇದೆ. ಬೈನಾದಲ್ಲಿ ಅವರಿದ್ದ ಗುಡಿಸಲಿನ ಗುರುತಿರಲಿಲ್ಲ. ಅಲ್ಲಿಯ ಅನೇಕ ಗುಡಿಸಲುಗಳು 2004ರಲ್ಲಿಯೇ ನೆಲಸಮವಾಗಿದ್ದವು. ಆತ ಗಿಲಾವು ಮಾಡಿದ ಕಟ್ಟಡ ಮಾತ್ರ ನಿಂತಿತ್ತು. ಮಳೆಗೆ ಕಪ್ಪಾದ ಗೋಡೆಯನ್ನು ಆತ ಬೀದಿಯ ಈಚೆಯಿಂದಲೇ ಬಹಳ ಹೊತ್ತು ನೋಡಿದನು.

ಆಮೇಲೆ ಇಬ್ಬರೂ ಉಸುಕಿನ ಮೇಲೆ ಕುಳಿತರು. ಕೆಲಸದಿಂದ ಮರಳುತ್ತಿದ್ದ, ಕೈಗೆ ಸಿಮೆಂಟು ಮೆತ್ತಿದ ತರುಣನೊಬ್ಬ ಅವರ ಮಾತು ಕೇಳಿ ನಿಂತನು. ಆತ ಶಿರಹಟ್ಟಿಯ ಕಡೆಯವನು.

“ಕೆಲಸಕ್ಕ ಬಂದೀರೇನವ್ವಾ? ನಮ್ಮ ಮೇಸ್ತ್ರಿಗೆ ಹೇಳಲೇನು?”

ಗಂಡನು ತಲೆ ತಗ್ಗಿಸಿದನು. ಆಕೆ ಮಾತ್ರ ತರುಣನ ಮುಖವನ್ನೇ ನೋಡಿ ಹೇಳಿದಳು:

“ಇಲ್ಲಪ್ಪಾ, ಕಡಲು ನೋಡಾಕ ಬಂದೀವಿ. ನೀನೂ ಒಂದೀಟು ಕುಂದ್ರು.”

ಅವನು ಹೊತ್ತಾಯಿತೆಂದನು, ಆದರೂ ಕುಳಿತನು. ಹಡಗಿನಲ್ಲಿ ಕಟ್ಟಿಕೊಂಡಿದ್ದ ಮನೆಯ ಕರದಂಟನ್ನು ಆಕೆ ಮೂವರಿಗೂ ಹಂಚಿದಳು.

ಮರುದಿನ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಮರುಪಯಣ. ಕುಳೆಯಿಂದ ಕ್ಯಾಸಲ್‌ರಾಕಿನವರೆಗಿನ 26 ಕಿಲೋಮೀಟರುಗಳಲ್ಲಿ ಗಾಡಿ ಏದುಸಿರು ಬಿಡುತ್ತ ಘಟ್ಟವನ್ನೇರುತ್ತದೆ. ಮೂವತ್ತೇಳು ಅಡಿ ಸಾಗಿದರೆ ಒಂದಡಿ ಏರು. ದೂಧಸಾಗರದ ನೀರು ಕಂಬಿಯ ಪಕ್ಕದಲ್ಲಿಯೇ ಧುಮುಕುತ್ತದೆ. ಹಿಂದೆ ಎಷ್ಟೋ ಸಲ ಇದೇ ದಾರಿಯಲ್ಲಿ ಬಾಗಿಲ ಬಳಿ ಗಂಟಿಗೊರಗಿ ನಿದ್ದೆಹೋಗಿದ್ದ ಆಕೆ ಈ ಸಲ ಕಿಟಕಿಯ ಪಕ್ಕದಲ್ಲಿ ಎಚ್ಚರವಾಗಿಯೇ ಇದ್ದಳು. ಹುಬ್ಬಳ್ಳಿ ದಾಟಿದ ಮೇಲೆ ಎರೆಯ ಹೊಲಗಳು ಬಂದವು. ಹತ್ತಿ ಒಡೆದಿತ್ತು.

ಗದಗಿನಲ್ಲಿ ಇಳಿದಾಗ ಕಟ್ಟೆಯ ಮೇಲೆ ನಾಲ್ಕು ಸಂಸಾರಗಳು ಪಾತ್ರೆ, ಹಾಸಿಗೆಗಳ ಗಂಟಿನೊಡನೆ ಗೋವೆಯ ಗಾಡಿಗೆ ಕಾದಿದ್ದವು. ಅವರಲ್ಲೊಬ್ಬಳು ದಾರಿ ಬಿಡಲೆಂದು ಗಂಟನ್ನು ಎಳೆದುಕೊಂಡಳು. ಆಕೆ ನಿಂತು, ಯಾವ ಊರೆಂದು ವಿಚಾರಿಸಿದಳು.