ಅಮ್ಮನ ಕಿಟಕಿ

ಕಿಟಕಿಗಳಿಗೆ ಜೋಡಿ ಗಾಜು ಹಾಕಿಸುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಸದ್ದು ಎಷ್ಟು ಕಡಿಮೆಯಾಗುತ್ತದೆ? ಹೆಬ್ಬಾಳ ಮೇಲ್ಸೇತುವೆಯ ಹತ್ತಿರ ಮನೆ ಮಾಡಿದವರಿಗೆ ಬೇರೆ ಪ್ರಶ್ನೆ ಹೊಳೆಯುವುದೂ ಕಷ್ಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿಗೆ ಹೋಗುವ ಬಳ್ಳಾರಿ ರಸ್ತೆಗೆ ರಾತ್ರಿ ಎಂಬುದೇ ಇಲ್ಲವಾಯಿತು. ವಸತಿ ಪ್ರದೇಶದಲ್ಲಿ ರಾತ್ರಿಯ ಸದ್ದು 45 ಡೆಸಿಬಲ್ ಮೀರಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆ ನಿಯಮದಿಂದ ನನಗೆ ನಿದ್ದೆ ಸಿಗಲಿಲ್ಲ, ಗಾಜಿನಿಂದ ಸಿಕ್ಕಿತು.

ಕೆಲವು ವರ್ಷ ಕಳೆದ ಮೇಲೆ, ಚಳಿ ಶುರುವಾದ ಹೊಸತರಲ್ಲಿ, ನಡುಮನೆಯ ಗಾಜು ಬೆಳಗಿನ ಹೊತ್ತು ಮಂಕಾಗಿ ಕಾಣತೊಡಗಿತು. ಒಳಗಿನಿಂದ ಒರೆಸಿದೆ, ಹೊರಗಿನಿಂದ ಒರೆಸಿದೆ. ಬೆವರು ಇದ್ದದ್ದು ಎರಡು ಗಾಜುಗಳ ನಡುವೆ. ಬಿಸಿಲೇರಿದಂತೆ ಮಾಯ, ಮರುದಿನ ಬೆಳಗ್ಗೆ ಮತ್ತೆ ಹಾಜರು. ಬರಬರುತ್ತಾ ಹಗಲಿನಲ್ಲೂ ಬಿಳಿ ಕಲೆಗಳು ಉಳಿದುಕೊಂಡವು.

ಗಾಜಿನ ಕೆಲಸದವರು ಬಂದು ನೋಡಿ ವಿವರಿಸಿದರು. ಎರಡು ಗಾಜುಗಳ ನಡುವೆ ಅಂಚಿಗೆ ಅಲ್ಯೂಮಿನಿಯಂ ಪಟ್ಟಿಯೊಂದಿರುತ್ತದೆ. ಅದರ ಹೊಟ್ಟೆಯಲ್ಲಿ ತೇವ ಹೀರುವ ಸಣ್ಣ ಕಾಳುಗಳು. ಸುತ್ತಲೂ ಸೀಲ್. ಪಡುವಣ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ; ದಿನವೂ ಹೀಗೆ ಎಳೆದಾಡಿ ಸೀಲ್ ಎಲ್ಲೋ ಕೂದಲೆಳೆಯಷ್ಟು ಬಿಡುತ್ತದೆ. ಸಮುದ್ರಮಟ್ಟದ ಊರಲ್ಲಿ ಸೀಲ್ ಮಾಡಿ ತಂದ ಗಾಜಾದರೆ ಇನ್ನೊಂದು ತೊಂದರೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಚೆನ್ನೈನ ಚಿಪ್ಸ್ ಪೊಟ್ಟಣ ಇಲ್ಲಿ ಉಬ್ಬುವಂತೆ ಗಾಜೂ ಉಬ್ಬಿ ಅಂಚನ್ನು ಜಗ್ಗುತ್ತದೆ. ಚೌಕಟ್ಟಿನ ಕೆಳಗಿನ ನೀರಿನ ತೂತುಗಳು ಧೂಳಿನಿಂದ ಮುಚ್ಚಿದರಂತೂ ಸೀಲ್ ಮಳೆನೀರಲ್ಲೇ ನೆನೆಯುತ್ತಿರುತ್ತದೆ. ನಮ್ಮಲ್ಲಿ ಮುಚ್ಚಿದ್ದವು. ಒಳಹೊಕ್ಕ ತೇವವನ್ನು ಕಾಳುಗಳು ತುಂಬುವವರೆಗೆ ಕುಡಿಯುತ್ತವೆ, ಆಮೇಲೆ ಗಾಜು ಬೆವರುತ್ತದೆ. ತೂತು ಕೊರೆದು ಒಣಗಿಸಿ ಮುಚ್ಚುವುದೂ ಉಂಟು. ಆದರೆ ಸೀಲ್ ಹಾಳಾಗಿಯೇ ಇರುವುದರಿಂದ ತೇವ ಮರಳುತ್ತದೆ.

"ಸೌಂಡ್ ಏನೂ ಜಾಸ್ತಿ ಆಗಲ್ಲ ಮೇಡಂ. ಬೇಕಾದ್ರೆ ಹಾಗೇ ಇರ್ಲಿ ಬಿಡಿ," ಎಂದರು ಕೊನೆಗೆ.

ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಯ ಬಗ್ಗೆಯೇ ಇಲ್ಲಿ ಬರೆಯಬೇಕಾಗಿದೆ. ಯಾಕೆಂದರೆ ಆ ಕಿಟಕಿಯ ಪಕ್ಕದ ಕುರ್ಚಿ ಅಮ್ಮನದು. ನಾನು ಆಫೀಸಿಗೆ ಹೊರಟರೆ ಸಂಜೆಯವರೆಗೆ ಅವಳು ಒಬ್ಬಳೇ. ಬೆಳಗ್ಗೆ ಕಾಫಿ ಹಿಡಿದು ಕೂತು ಹೆಬ್ಬಾಳ ಕೆರೆಯ ಕಡೆಗೆ ನೋಡುತ್ತಿದ್ದಳು. ಹೆಜ್ಜಾರ್ಲೆಗಳು ಬಂದರೆ ನನ್ನನ್ನು ಕೂಗುತ್ತಿದ್ದಳು. ಕೂಗುವುದು ನಿಂತು ಎಷ್ಟು ದಿನವಾಗಿತ್ತೋ, ನನಗೆ ಗೊತ್ತಿಲ್ಲ. ನಾನು ಆ ಕಿಟಕಿಯಿಂದ ಹೊರಗೆ ನೋಡಿದವಳೇ ಅಲ್ಲ. ಅದರಿಂದ ಏನೂ ಕೇಳಿಸದಿದ್ದರೆ ನನಗೆ ಸಾಕಿತ್ತು.

ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. "ನಿಂಗೆ ನಿದ್ದೆ ಬರ್ತಿದ್ಯಲ್ಲ, ಸಾಕು ಬಿಡೇ" ಎಂದಳು. ಸ್ವಲ್ಪ ತಡೆದು, "ಮುಂಚೆ ಕೆಳಗೆ ಸೊಪ್ಪಿನೋಳು ಕೂಗಿದ್ರೆ ಕೇಳಿಸ್ತಿತ್ತು" ಎಂದೂ ಸೇರಿಸಿದಳು.

ಈ ಎರಡನೇ ಮಾತು ನನ್ನನ್ನು ಹೆಚ್ಚು ಕಲಕಿತು. ಗಾಜು ಮಂಕಾಗಿದ್ದು ಈಚೆಗೆ. ಸೊಪ್ಪಿನವಳ ಕೂಗು, ಮಕ್ಕಳ ಶಾಲಾ ವ್ಯಾನಿನ ಹಾರನ್ನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಇವೆಲ್ಲ ಗಾಜು ಕೂತ ದಿನವೇ ಹೋಗಿದ್ದವು. ದಣಿದು ಬರುವ ನನಗೆ ಮೌನ ಬೇಕಿತ್ತು. ಹಗಲಿಡೀ ಮೌನದಲ್ಲೇ ಇರುವವಳಿಗೆ ಅದನ್ನೇ ಇನ್ನಷ್ಟು ತಂದುಕೊಟ್ಟಿದ್ದೆ. ಸಂಬಳ ತರುವವರ ಆಯಾಸವೇ ಮನೆಯ ಆಯಾಸವೆಂದು ನಾನು ತಿಳಿದುಕೊಂಡಿರುವುದು ಕಿಟಕಿಯೊಂದರಲ್ಲೇ ಅಲ್ಲ. ಊಟದ ಹೊತ್ತು, ಟಿವಿಯ ಸದ್ದು, ದೀಪ ಆರಿಸುವ ಸಮಯ, ಎಲ್ಲವೂ ನನ್ನ ದಣಿವಿಗೆ ತಕ್ಕಂತೆ ನಡೆಯುತ್ತಿವೆ. ನಾನು ಯಾವುದನ್ನೂ ಗದರಿಸಿ ಮಾಡಿಸಿದವಳಲ್ಲ. ಅಮ್ಮ ತಾನಾಗಿಯೇ ಜಾಗ ಬಿಟ್ಟುಕೊಟ್ಟಳು, ನಾನು ಅದನ್ನು ಅವಳ ಒಪ್ಪಿಗೆ ಎಂದುಕೊಂಡೆ.

ನಡುಮನೆಯ ಗಾಜು ಬದಲಾಯಿತು. ಚೌಕಟ್ಟು ಕೀಳಬೇಕಿಲ್ಲ, ಗಾಜನ್ನು ಹಿಡಿದಿರುವ ಬೀಡಿಂಗ್ ಪಟ್ಟಿ ತೆಗೆದು, ಅಳತೆಗೆ ಮಾಡಿಸಿದ ಹೊಸ ಜೋಡಿಯನ್ನು ಕೂರಿಸಿದರೆ ಆಯಿತು. ಎರಡೂ ಗಾಜು ಒಂದೇ ದಪ್ಪವಿದ್ದರೆ ಒಂದೇ ಸದ್ದಿಗೆ ಎರಡೂ ಕಂಪಿಸುತ್ತವೆ ಎಂದು ತಿಳಿದು ಈ ಬಾರಿ ಬೇರೆ ಬೇರೆ ದಪ್ಪದ್ದನ್ನು ಹಾಕಿಸಿದೆ. ಹಗಲು ಆ ಕದ ಈಗ ತೆರೆದಿರುತ್ತದೆ. ಧೂಳು ಬರುತ್ತದೆ, ಒರೆಸುತ್ತೇವೆ. ಮುಚ್ಚುವುದು ರಾತ್ರಿ ಮಾತ್ರ. ನನ್ನ ಕೋಣೆಯ ಗಾಜೂ ಮಂಕಾಗಿತ್ತು, ಅದು ಹಾಗೆಯೇ ಇದೆ; ಅದರಿಂದ ನನಗೇನೂ ನಷ್ಟವಿಲ್ಲ.

ರಸ್ತೆ ಬದಿಯ ಮನೆಗೆ ಜೋಡಿ ಗಾಜು ಹಾಕಿಸಲು ಹೊರಟಿರುವವರಿಗೆ ಒಂದು ಮಾತು. ಸೀಲ್‌ಗೆ ಎಷ್ಟು ವರ್ಷದ ವಾರಂಟಿ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ನೀರಿನ ತೂತುಗಳನ್ನು ಮಳೆಗಾಲಕ್ಕೆ ಮುಂಚೆ ಬಿಡಿಸಿ. ಅದಕ್ಕೂ ಮೊದಲು, ಹಗಲು ಮನೆಯಲ್ಲಿರುವವರ ಹತ್ತಿರ ಕೂತು, ಯಾವ ಕಿಟಕಿ ತೆರೆದಿರಬೇಕು ಎಂದು ಕೇಳಿ.