ಮಾಂಡವಿಯ ಮೇಲೆ ಮೂರೆಲೆ ಆಟ

ಅಥಣಿ, ರಾಯಬಾಗ, ಕಾಗವಾಡ ಕಡೆ ಹುಟ್ಟಿದವರಿಗೆ ತೀನ್ ಪತ್ತಿಯನ್ನು ಯಾರೂ ಕೂಡಿಸಿಕೊಂಡು ಕಲಿಸುವುದಿಲ್ಲ. ದೀಪಾವಳಿ ಪಾಡ್ಯದ ರಾತ್ರಿ ದೊಡ್ಡವರ ಬೆನ್ನ ಹಿಂದೆ ಕುಂತು ನೋಡುತ್ತ ನೋಡುತ್ತ ತಾನಾಗಿ ಬರುತ್ತದೆ. ನಮ್ಮ ರಾಯಬಾಗದ ಮಾಮಾ ಈ ಆಟದಲ್ಲಿ ಪಳಗಿದ ಕೈ. ತಮ್ಮ ಎಲೆ ಎತ್ತದೆ ಬ್ಲೈಂಡ್ ಆಡುತ್ತ, ಎದುರಿನವನು ಬೀಡಿ ಹಚ್ಚುವ ರೀತಿ ನೋಡಿಯೇ ಅವನ ಹತ್ತಿರ ಜೋಡಿ ಇದೆಯೋ ಬರೀ ಕಸವೋ ಹೇಳುತ್ತಿದ್ದರು.

ಕಬ್ಬಿನ ಬಿಲ್ಲು ಚೆನ್ನಾಗಿ ಬಂದ ಒಂದು ವರ್ಷ ಗೋವಾದ ಕ್ಯಾಸಿನೊ ನೋಡಲೇಬೇಕೆಂದು ಹಟ ಹಿಡಿದರು. ಚಿಕ್ಕೋಡಿಯಲ್ಲಿ ಗಣಿತದ ಮಾಸ್ತರನಾಗಿದ್ದ ನನ್ನನ್ನೂ ಜೀಪು ಹತ್ತಿಸಿದರು. ನಿಪ್ಪಾಣಿ, ಆಜರಾ ದಾಟಿ, ಅಂಬೋಲಿ ಘಾಟ ಇಳಿದು, ಸಾವಂತವಾಡಿ ಮೇಲಿಂದ ಪಣಜಿ. ನಮ್ಮಲ್ಲಿ ಅಂದರ್-ಬಾಹರ್ ಆಡಿ ಸಿಕ್ಕಿಬಿದ್ದರೆ 1963ರ ಪೊಲೀಸ್ ಕಾಯ್ದೆಯಡಿ ಕೇಸು. ಗೋವಾದವರು ತಮ್ಮ 1976ರ ಜೂಜು ಕಾಯ್ದೆಯನ್ನು ತಿದ್ದಿ, ಹಡಗಿನ ಮೇಲೆ ಆಡಲು ದಾರಿ ಮಾಡಿಕೊಟ್ಟಿದ್ದಾರೆ. ಸಣ್ಣ ದೋಣಿಯೊಂದು ನಮ್ಮನ್ನು ಮಾಂಡವಿ ನದಿಯಲ್ಲಿ ನಿಂತ ಹಡಗಿಗೆ ಮುಟ್ಟಿಸಿತು.

ಮೂರೇ ಎಲೆ ಎಂಬ ಧೈರ್ಯದಿಂದ ಮಾಮಾ ತ್ರೀ ಕಾರ್ಡ್ ಪೋಕರ್ ಟೇಬಲ್ ಹಿಡಿದರು. ಮೊದಲು 'ಆಂಟೆ' ಎಂಬ ಜಾಗದಲ್ಲಿ ಚಿಪ್ಸ್ ಇಡಬೇಕು. ಎಲೆ ನೋಡಿದ ಮೇಲೆ ಬಿಟ್ಟುಕೊಟ್ಟರೆ ಅಷ್ಟು ಹೋಯಿತು. ಆಡುವುದಾದರೆ ಅಷ್ಟೇ ಮೊತ್ತವನ್ನು 'ಪ್ಲೇ' ಮೇಲೆ ಇಡಬೇಕು. ಮಾಮಾ ಕಸದ ಕೈ ಹಿಡಿದು, ಡೀಲರ್ ಹುಡುಗಿಯ ಮುಖ ದಿಟ್ಟಿಸುತ್ತ ಗತ್ತಿನಿಂದ ಇಟ್ಟರು. ಅವಳ ಮೂರೆಲೆ ಇನ್ನೂ ಬೋರಲಾಗಿ ಬಿದ್ದಿದ್ದವು. ಎಲ್ಲರೂ ತೀರ್ಮಾನಿಸಿದ ಮೇಲೆಯೇ ಅವಳು ಅವನ್ನು ತಿರುವುವುದು.

"ಅಕಿ ತನ್ನ ಎಲೀನ ನೋಡಿಲ್ಲಲ್ಲೋ ತಮ್ಮಾ, ನಾ ಯಾರನ್ನ ಅಂಜಸ್ಲಿ?" ಎಂದರು ಮಾಮಾ.

ಅಲ್ಲಿಗೆ ಅವರ ಇಷ್ಟು ವರ್ಷದ ವಿದ್ಯೆ ಆ ಟೇಬಲ್ ಮೇಲೆ ನಿರುಪಯೋಗಿಯಾಯಿತು. ಡೀಲರ್ ಅಂಜುವುದಿಲ್ಲ, ಆಸೆಬೀಳುವುದಿಲ್ಲ. ಅವಳ ಕೈಯಲ್ಲಿ ಕನಿಷ್ಠ ರಾಣಿಯಾದರೂ ಇದ್ದರೆ ಆಟ ಲೆಕ್ಕಕ್ಕೆ. ಇಲ್ಲದಿದ್ದರೆ ನಮಗೆ ಆಂಟೆಯಷ್ಟು ಲಾಭ, ಪ್ಲೇ ಹಣ ಹಾಗೇ ವಾಪಸು. ಹೀಗಾಗುವುದು ನೂರರಲ್ಲಿ ಸುಮಾರು ಮೂವತ್ತು ಸಲ.

ಇನ್ನೊಂದು ತಕರಾರು ಎದ್ದದ್ದು ದರದ ಫಲಕ ನೋಡಿದಾಗ. ನಮ್ಮ ಆಟದಲ್ಲಿ ಒಂದೇ ಬೆಲೆಯ ಮೂರೆಲೆಯ ಟ್ರೇಲ್‌ಗಿಂತ ದೊಡ್ಡದಿಲ್ಲ. ಅಲ್ಲಿ ಪ್ಯೂರ್ ಸಿಕ್ವೆನ್ಸ್ ಅದರ ಮೇಲಿತ್ತು. ಮಾಮಾ ಒಪ್ಪಲೊಲ್ಲರು. ನಾನು ಚೀಟಿಯ ಬೆನ್ನ ಮೇಲೆ ಬರೆದು ತೋರಿಸಿದೆ. 52 ಎಲೆಯಲ್ಲಿ ಮೂರು ಹಿಡಿಯುವ ಬಗೆ 22,100. ಅದರಲ್ಲಿ ಟ್ರೇಲ್ 52, ಒಂದೇ ಗುರುತಿನ ಸಾಲು, ಅಂದರೆ ಪ್ಯೂರ್ ಸಿಕ್ವೆನ್ಸ್, 48. ನಾಲ್ಕು ಬಗೆ ಕಡಿಮೆ, ಅದಕ್ಕೇ ಮೇಲೆ. "ಲೆಕ್ಕಾ ಖರೇ ಐತಿ. ಆದ್ರ ಮೂರು ರಾಜಾ ಒಟ್ಟಿಗಿ ಬಂದಾಗಿನ ಖುಷಿ ನಿನ್ನ ಚೀಟ್ಯಾಗ ಇಲ್ಲ," ಎಂದರು. ಆ ಮಾತನ್ನು ನಾನು ಈಗಲೂ ಒಪ್ಪುತ್ತೇನೆ.

ಪಕ್ಕದಲ್ಲಿ ಕುಳಿತ ಪುಣೆಯ ಹಿರಿಯರೊಬ್ಬರು ಸೂತ್ರ ಹೇಳಿಕೊಟ್ಟರು: ರಾಣಿ-ಆರು-ನಾಲ್ಕು. ಅಷ್ಟು ಅಥವಾ ಅದಕ್ಕಿಂತ ಮೇಲಿದ್ದರೆ ಆಡು, ಕೆಳಗಿದ್ದರೆ ಬಿಡು. ರಾಣಿ-ಏಳು-ಎರಡು ಬಂದರೆ ಆಡಬೇಕು, ರಾಣಿ-ಆರು-ಮೂರು ಬಂದರೆ ಕೈಬಿಡಬೇಕು. ಮುಂದೆ ಊರಲ್ಲಿ ಕುಳಿತು ಲೆಕ್ಕ ಹಾಕಿ ನೋಡಿದೆ, ಸೂತ್ರ ಸರಿಯೇ. ಆದರೆ ಅದನ್ನು ಒಂದೂ ತಪ್ಪದೆ ಪಾಲಿಸಿದರೂ, ದೊಡ್ಡ ಕೈಗೆ ಕೊಡುವ ಸಾಮಾನ್ಯ ಬೋನಸ್ ದರದಲ್ಲಿ, ನೂರು ರೂಪಾಯಿ ಆಂಟೆಗೆ ಸರಾಸರಿ 3 ರೂಪಾಯಿ 37 ಪೈಸೆ ಕ್ಯಾಸಿನೊ ಪಾಲು. ನೂರು ಸಲ ಆಡಿದರೆ 337 ರೂಪಾಯಿ. ಒಂದು ರಾತ್ರಿ ಗೆಲ್ಲಬಹುದು, ವರ್ಷಗಟ್ಟಲೆ ಗೆಲ್ಲಲಾಗದು.

ತ್ರೀ ಕಾರ್ಡ್ ಪೋಕರ್ ಆಟವನ್ನು 1994ರಲ್ಲಿ ರೂಪಿಸಿದವನು ಬ್ರಿಟನ್ನಿನ ಡೆರೆಕ್ ವೆಬ್. ಅವನೇ ಮುಂದೆ ತನ್ನ ದೇಶದ ಬೆಟ್ಟಿಂಗ್ ಅಂಗಡಿಗಳ ಜೂಜು ಯಂತ್ರಗಳ ವಿರುದ್ಧ ಸ್ವಂತ ದುಡ್ಡು ಸುರಿದು ಹೋರಾಡಿದ. 2019ರಲ್ಲಿ ಆ ಯಂತ್ರಗಳ ಗರಿಷ್ಠ ಪಣ 100 ಪೌಂಡಿನಿಂದ 2 ಪೌಂಡಿಗೆ ಇಳಿಯಿತು. ಆಟದ ಒಳಹೊರಗು ಬಲ್ಲವನ ಈ ನಡೆ ನನಗೆ ದೊಡ್ಡದೆನಿಸುತ್ತದೆ.

ನಮ್ಮ ತಾಲೂಕುಗಳ ಹುಡುಗರು ಈಗಲೂ ಅಂಬೋಲಿ ಘಾಟ ಇಳಿಯುತ್ತಾರೆ. ಇಳಿಯುವವರಿಗೆ ನನ್ನದೊಂದು ವಿನಂತಿ: ರಾಣಿ-ಆರು-ನಾಲ್ಕು ನೆನಪಿಡಿ, ಅದರ ಜೊತೆಗೆ ಆ 337 ರೂಪಾಯಿಯನ್ನೂ ನೆನಪಿಡಿ. ಕಬ್ಬಿನ ಬಿಲ್ಲನ್ನು ಮಾತ್ರ ಮನೆಯಲ್ಲಿ ಕೊಟ್ಟು ಹೋಗಿರಿ.