ಚಹಾ ಚೆಲ್ಲಲಿಲ್ಲ

ಇವತ್ತು ಮುಂಜಾನೆ ಮೂಡಲಗಿಯ ಅಕ್ಕನ ಮನೆಯಲ್ಲಿ ಮಾಮಾ ಬಸಿಗೆ ಚಹಾ ಸುರಕೊಂಡರು. ಒಂದು ಹನಿಯೂ ಚೆಲ್ಲಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಅವರನ್ನು ಕೇಳಿಯೇ ಇದನ್ನು ಬರೀತಿದೀನಿ.

ಎರಡು ವರ್ಷದ ಹಿಂದೆ ಇದೇ ಕೈ ಕಪ್ಪು ಹಿಡಿಯಲಾರದೆ ನಡುಗುತ್ತಿತ್ತು. ಜೋಳದ ಚೀಲದ ಹಿಂದೆ ಮದ್ಯದ 90 ಎಂಎಲ್‌ನ ಖಾಲಿ ಪ್ಯಾಕೆಟ್ಟುಗಳು. ಅಕ್ಕ ಅವನ್ನು ಸೆರಗಲ್ಲಿ ಮುಚ್ಚಿಕೊಂಡು, "ಹುಕ್ಕೇರಿ ಬೀಗರಿಗೆ ಗೊತ್ತಾದ್ರ ಮಾನ ಎಲ್ಲಿ ಉಳೀತೈತೋ ತಮ್ಮಾ" ಅಂದಿದ್ದಳು. ಮಾಮಾ ಪ್ಯಾಕೆಟ್ ಬಚ್ಚಿಡುತ್ತಿದ್ದರು, ನಾವು ಅವರನ್ನೇ ಬಚ್ಚಿಟ್ಟಿದ್ದೆವು.

ಸಕ್ಕರೆ ಕಾಯಿಲೆ ಆಗಿದ್ದರೆ ಎಂದೋ ದವಾಖಾನೆಗೆ ಹೋಗ್ತಿದ್ದೆವು. ಕುಡಿತಕ್ಕೆ ಮಾತ್ರ ಆಣೆ, ಜಗಳ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು-ಮೂರು ದಿನದಲ್ಲೇ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ ಅಂತ ಡಾಕ್ಟರು ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ಬಿಡೋದಕ್ಕೂ ವೈದ್ಯರು ಬೇಕು.

ಕೊನೆಗೆ ಕೆಲಸ ಮಾಡಿದ್ದು ಒಂದೇ ಮಾತು: "ಮಾಮಾ, ನಾನೂ ಜೋಡಿ ಬರ್ತೀನಿ, ಗೋಕಾಕಕ್ಕ ಹೋಗಿ ಡಾಕ್ಟರಿಗೆ ತೋರಸೂಣು."

ನಿಮಗೂ ಇಂಥ ನೆರವು ಬೇಕಿದ್ದರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲಿ ಈ ಮಾತು ಮೊದಲು ಯಾರು ಎತ್ತಿದಿರಿ? ಹೇಗೆ ಎತ್ತಿದಿರಿ? ಬರೀರಿ, ಇನ್ಯಾರಿಗೋ ಧೈರ್ಯ ಬರ್ತದೆ.